ಎರಡನೇ ಸಲ ಎದ್ದು ನಿಲ್ಲದ ನನ್ನ ಗಂಡ

ನನ್ನ ಗಂಡನನ್ನು ಮಣ್ಣು ಮಾಡಿದ ದಿನ ನಮ್ಮ ಸಭೆಯ ಪದ್ಧತಿಯಂತೆ ಪಾದ್ರಿ ಅಯ್ಯನವರು ಅವರ ಚರಿತ್ರೆಯನ್ನು ಓದಿದರು. ಹುಟ್ಟಿದ್ದು ಬೋಳಾರದಲ್ಲಿ, ಬಿಲ್ಲವರ ಮನೆಯಲ್ಲಿ. ಹಿಂದಿನ ಹೆಸರು ನೋಣಯ್ಯ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಎಫ್ರಾಯಿಮ. ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಒಮ್ಮೆ ಕುಡಿತಕ್ಕೆ ಬಿದ್ದರು, ಸಭೆಯ ಮುಂದೆ ಪಶ್ಚಾತ್ತಾಪಪಟ್ಟು ಎದ್ದರು. ಬಹುಕಾಲ ಸಭಾ ಹಿರಿಯರಾಗಿ ಅನೇಕರಿಗೆ ಸಾಕ್ಷಿಯಾದರು. ಕೊನೆಯ ವರ್ಷಗಳಲ್ಲಿ ಭಕ್ತಿಯಲ್ಲಿ ತಣ್ಣಗಾದರು, ಆದರೂ ಕರ್ತನು ಕರುಣಾಳು. ಇಷ್ಟು ಓದಿ ಕಾಗದ ಮಡಚಿದರು.

ಅಯ್ಯನವರ ತಪ್ಪಲ್ಲ. ಅವರು ಇಲ್ಲಿಗೆ ಬಂದು ಹೆಚ್ಚು ಕಾಲವಾಗಿಲ್ಲ. ಹಿರಿಯರು ಹೇಳಿದ್ದನ್ನು ಮತ್ತು ತಾವು ಕಂಡದ್ದನ್ನು ಬರೆದರು. ಆದರೆ ಆ ಚರಿತ್ರೆ ತಲೆಕೆಳಗಾಗಿದೆ. ನನ್ನ ಗಂಡ ಒಳಗೆ ತಣ್ಣಗಿದ್ದ ವರ್ಷಗಳನ್ನು ಅವರು ಹೊಗಳಿದರು. ಒಳಗೆ ಬೆಂದ ವರ್ಷಗಳಿಗೆ ತಣ್ಣಗೆ ಎಂದರು. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಸತ್ಯವೇದ ಓದುತ್ತೇನೆ, ಬರೆದು ಅಭ್ಯಾಸವಿಲ್ಲ. ಆದರೂ ನಮ್ಮ ಸಭೆಯ ಪತ್ರಿಕೆಗೆ ಇದನ್ನು ಬರೆಯುತ್ತಿದ್ದೇನೆ. ಹಾಕಿದರೆ ಹಾಕಲಿ.

ನನ್ನ ಗಂಡನ ತಂದೆ ತಾಳೆಮರ ಹತ್ತಿ ಕಳ್ಳು ಇಳಿಸುವವರು. ಇವರೂ ಹತ್ತುತ್ತಿದ್ದರು. ಮಳೆಗಾಲದಲ್ಲಿ ಮರ ಜಾರುತ್ತದೆ, ಹೊಟ್ಟೆಗೆ ಇರುವುದಿಲ್ಲ. ಮಿಶನಿನವರ ಹಂಚಿನ ಕಾರ್ಖಾನೆಯಲ್ಲಿ ವರ್ಷವಿಡೀ ಕೆಲಸ ಉಂಟು, ಕ್ರೈಸ್ತರಾದವರಿಗೆ ಇರಲು ಮನೆಯೂ ಉಂಟು ಎಂದು ಯಾರೋ ಹೇಳಿದರು. ಇವರು ಬಂದು ಸೇರಿದರು. ದೀಕ್ಷಾಸ್ನಾನಕ್ಕೆ ಮೊದಲು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಇವರಿಗೂ ಕೇಳಿದರು, ನೀನು ಹೊಟ್ಟೆಗಾಗಿ ಬಂದೆಯಾ, ಆತ್ಮಕ್ಕಾಗಿ ಬಂದೆಯಾ ಎಂದು. ಆತ್ಮಕ್ಕಾಗಿ ಎಂದು ಹೇಳಬೇಕೆಂದು ಉಪದೇಶಿಗಳೇ ಕಲಿಸಿದ್ದರು. ಹಾಗೆಯೇ ಹೇಳಿದರು. ನಾನು ಕ್ರೈಸ್ತರ ಮನೆಯಲ್ಲೇ ಹುಟ್ಟಿದವಳು, ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಮದುವೆಯಾದ ಮೇಲೆ ನಮಗೆ ಮಿಶನಿನ ಸಾಲುಮನೆಯಲ್ಲಿ ಒಂದು ಮನೆ ಸಿಕ್ಕಿತು. ಹಂಚಿನ ಮಾಡು, ಎದುರು ಒಂದು ನುಗ್ಗೆಮರ. ಇವರಿಗೆ ಹಂಚು ಸುಡುವ ಗೂಡಿನಲ್ಲಿ ಬೆಂಕಿ ನೋಡುವ ಕೆಲಸ. ಹಸಿ ಹಂಚನ್ನು ಗೂಡಿನೊಳಗೆ ಜೋಡಿಸಿ, ಬಾಗಿಲಿಗೆ ಕಲ್ಲು ಮಣ್ಣು ಮೆತ್ತಿ, ಮೇಲಿನ ತೂತುಗಳಿಂದ ಸ್ವಲ್ಪ ಸ್ವಲ್ಪವೇ ಕಟ್ಟಿಗೆ ಹಾಕುತ್ತಾ ಹೋಗಬೇಕು. ಬೆಂಕಿ ಇಳಿಯಬಾರದು, ಒಮ್ಮೆಲೇ ಏರಲೂಬಾರದು. ಇಳಿದರೆ ಹಂಚು ಹಸಿ ಉಳಿಯುತ್ತದೆ. ಏರಿದರೆ ಒಡೆಯುತ್ತದೆ.

ಇವರ ಜೊತೆಗೆ ಕಟ್ಟಿಗೆ ಹೊತ್ತು ಕೊಡುವವನು ಚನಿಯ. ಅವನೂ ಬೋಳಾರದವನೇ. ಇಬ್ಬರೂ ಒಟ್ಟಿಗೆ ಆಡಿ ಬೆಳೆದವರು. ಅವನು ಕ್ರೈಸ್ತನಾಗಿರಲಿಲ್ಲ. ಅವನನ್ನು ಕೆಲಸಕ್ಕೆ ಸೇರಿಸಿದ್ದೇ ನನ್ನ ಗಂಡ.

ಆದಿತ್ಯವಾರ ಕಾರ್ಖಾನೆಗೆ ರಜೆ, ಗೂಡಿಗೆ ರಜೆ ಇಲ್ಲ. ಉರಿಯುವ ಗೂಡನ್ನು ಬಿಟ್ಟು ಎಲ್ಲರೂ ದೇವಾಲಯಕ್ಕೆ ಹೋಗಲಾಗುವುದಿಲ್ಲ. ಒಬ್ಬ ಕ್ರೈಸ್ತ ಮತ್ತು ಒಬ್ಬ ಹೊರಗಿನವನು ಸರದಿಯಂತೆ ನಿಲ್ಲಬೇಕಿತ್ತು. ಸಾವಿರದ ಒಂಬೈನೂರ ಹನ್ನೆರಡನೇ ಇಸವಿಯ ಬೇಸಗೆಯಲ್ಲಿ ಇವರ ಸರದಿ ಬಂದ ಒಂದು ಆದಿತ್ಯವಾರವೇ ದೇರೆಬೈಲಿನಲ್ಲಿ ಇವರ ಮಾವನ ಮಗಳ ಮದುವೆ. ಬೆಳಿಗ್ಗೆ ಹೋಗಿ ಮುಖ ತೋರಿಸಿ ಬರುತ್ತೇನೆ ಎಂದು ಹೋದರು. ಅಲ್ಲಿ ಹಳೆಯ ನೆಂಟರು, ಹಳೆಯ ಕಳ್ಳು. ಮಧ್ಯಾಹ್ನ ಗೂಡಿಗೆ ಬಂದು ಚನಿಯನನ್ನು ನದಿಯ ಕಡೆಗೆ ಕಳುಹಿಸಿ, ದೋಣಿಯಲ್ಲಿ ಬಂದ ಕಟ್ಟಿಗೆಯನ್ನೆಲ್ಲ ಹೊತ್ತು ಹಾಕು ಎಂದರು. ಗೂಡಿನ ಬೆಚ್ಚನೆಯ ಗೋಡೆಗೆ ಒರಗಿ ನಿದ್ದೆ ಹೋದರು. ಚನಿಯ ಕಟ್ಟಿಗೆ ಮುಗಿಸಿ ಬಂದು ನೋಡುವಾಗ ಬೆಂಕಿ ಕೂತಿತ್ತು. ಅವನು ಹೆದರಿ ಒಮ್ಮೆಲೇ ಕಟ್ಟಿಗೆ ಸುರಿದ.

ಗೂಡು ಆರಿದ ಮೇಲೆ ಬಾಗಿಲು ಒಡೆದರು. ಒಳಗೆ ಅರ್ಧ ಹಸಿ, ಅರ್ಧ ಚೂರು. ಗೂಡಿನ ಸಾಹೇಬರು ಇಬ್ಬರನ್ನೂ ನಿಲ್ಲಿಸಿ ಕೇಳಿದರು, ಬೆಂಕಿಯ ಹತ್ತಿರ ಯಾರಿದ್ದದ್ದು ಎಂದು. ನನ್ನ ಗಂಡ, ಬೆಂಕಿಯನ್ನು ಚನಿಯನಿಗೆ ಒಪ್ಪಿಸಿ ನಾನು ಕಟ್ಟಿಗೆ ತರಲು ಹೋಗಿದ್ದೆ, ಬರುವಾಗ ಇವನು ಕುಡಿದು ಮಲಗಿದ್ದ ಎಂದರು.

ಚನಿಯ, ಅಲ್ಲ ಸ್ವಾಮಿ, ಕುಡಿದದ್ದು ಅವನು ಎಂದ. ಆದರೆ ಚನಿಯನ ಮನೆಯವರು ಆಗಲೂ ಕಳ್ಳು ಇಳಿಸುತ್ತಿದ್ದರು. ಅವನ ಬಟ್ಟೆಯಲ್ಲಿ ಯಾವಾಗಲೂ ಆ ವಾಸನೆ ಇತ್ತು. ನನ್ನ ಗಂಡ ಆದಿತ್ಯವಾರ ಕೋಟು ಹಾಕಿಕೊಂಡು ಸತ್ಯವೇದ ಹಿಡಿದು ಹೋಗುವವರು. ಸಾಹೇಬರು ಕೋಟನ್ನು ನಂಬಿದರು. ಚನಿಯನನ್ನು ಅದೇ ಗಳಿಗೆಯಲ್ಲಿ ಹೊರಗೆ ಹಾಕಿದರು.

ನನ್ನ ಗಂಡ ಮನೆಗೆ ಬಂದು ಇದನ್ನೆಲ್ಲ ನನಗೆ ಹೇಳಿದರು. ನನ್ನ ತೊಡೆಯ ಮೇಲೆ ಮಗು ಇತ್ತು. "ಆದದ್ದು ಆಯಿತು. ಅವನಿಗೆ ಬೇರೆ ಎಲ್ಲಿಯಾದರೂ ಕೆಲಸ ಸಿಗ್ತದೆ" ಎಂದೆ. ಅವರಿಗೆ ಅಂಥ ಮಾತು ಬೇಕಿತ್ತು, ನಾನು ಕೊಟ್ಟೆ.

ಆ ಮೇಲೆ ಅವರು ನಿಜವಾಗಿಯೂ ಕುಡಿಯಲು ಹಿಡಿದರು. ಮೊದಲು ಮದುವೆ ಮುಂಜಿಗೆ ಮಾತ್ರ ಇದ್ದದ್ದು ಈಗ ಸಂಬಳದ ದಿನಕ್ಕೆ ಬಂತು, ಆ ಮೇಲೆ ದಿನ ನೋಡಲಿಲ್ಲ. ಬೋಳಾರದ ಕಳ್ಳಿನ ಅಂಗಡಿಯಿಂದ ಹೊರಗೆ ಬರುವಾಗ ನಮ್ಮ ಸಭೆಯ ದೊಡ್ಡ ಹಿರಿಯರೇ ಎದುರು ಸಿಕ್ಕಿದರು. ಸಭಾಶಿಕ್ಷೆಯಾಯಿತು. ಕರ್ತನ ಭೋಜನದ ರೊಟ್ಟಿಗೆ, ಪಾತ್ರೆಗೆ ಹೆಸರಿಲ್ಲ. ಹಿಂದಿನ ಬೆಂಚಿನಲ್ಲಿ ಕೂರಬೇಕು. ಮುಂದಿನ ಭೋಜನದೊಳಗೆ ಸಭೆಯ ಮುಂದೆ ಎದ್ದು ನಿಂತು ಪಾಪ ಒಪ್ಪಿಕೊಂಡರೆ ಸರಿ, ಇಲ್ಲದಿದ್ದರೆ ಮನೆ ಬಿಡಬೇಕು. ಮಳೆ ಹತ್ತಿರ ಬಂದಿತ್ತು. ಮಗುವಿಗೆ ಕೆಮ್ಮು.

ನಾನು ಅವರನ್ನು ಒಲೆಯ ಮುಂದೆ ನಿಲ್ಲಿಸಿ ಕಲಿಸಿದೆ. ಓದು ಕಲಿಸುವ ಹಾಗೆ ಕಲಿಸಿದೆ.

"ತಲೆ ಇನ್ನೂ ತಗ್ಗಿಸಿ. ಅಷ್ಟು ಬೇಗ ಹೇಳಬೇಡಿ, ದೋಣಿ ತಪ್ಪಿದವರ ಹಾಗೆ" ಎಂದೆ.

"ಕರ್ತನ ಮಕ್ಕಳೇ, ನಾನು ಮಹಾ ಪಾಪಿ" ಎಂದರು.

"ಮಹಾ ಪಾಪಿ ಅಂತ ಹೇಳಿ ಸ್ವಲ್ಪ ನಿಲ್ಲಿ. ನಿಂತರೆ ಹೆಂಗಸರ ಕಡೆ ಅಳು ಸುರುವಾಗ್ತದೆ."

ಅವರು ನಿಂತರು. ಆ ಮೇಲೆ ನನ್ನನ್ನು ನೋಡಿ, "ಚನಿಯನ ವಿಷಯ ಎಲ್ಲಿ ಹೇಳುವುದು, ಪಿರ್ಸಿಲ್ಲ? ಕುಡಿತಕ್ಕಿಂತ ಮೊದಲಾ, ಆ ಮೇಲಾ?" ಎಂದು ಕೇಳಿದರು.

"ಅದು ಯಾರು ಕೇಳಿದ್ದು ನಿಮ್ಮಲ್ಲಿ? ಕೇಳಿದ್ದಕ್ಕೆ ಮಾತ್ರ ಹೇಳಿ. ಅದು ಹೇಳಿದರೆ ಮನೆಯೂ ಹೋಗ್ತದೆ, ಕೆಲಸವೂ ಹೋಗ್ತದೆ."

ಅವರು ಮತ್ತೆ ಕೇಳಲಿಲ್ಲ. ಆ ಪ್ರಶ್ನೆ ಕೇಳುವಾಗ ಅವರ ಮುಖ ಹೇಗಿತ್ತೆಂದು ನನಗೆ ಈಗಲೂ ನೆನಪಿದೆ. ದಾರಿ ಕೇಳುವವನ ಮುಖ. ನಾನು ಬೇರೆ ದಾರಿ ತೋರಿಸಿದೆ.

ಆ ಆದಿತ್ಯವಾರ ಅವರು ಎದ್ದು ನಿಂತು ಹೇಳಿದ ಮಾತನ್ನು ಕೇಳಿದವರು ಈಗಲೂ ಕೆಲವರು ಇದ್ದಾರೆ. ಮಹಾ ಪಾಪಿ ಎಂದು ನಿಂತರು. ನಾನು ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಹೊತ್ತು ನಿಂತರು. ಹೆಂಗಸರ ಕಡೆ ಅಳು ಬಂತು, ಗಂಡಸರ ಕಡೆಯೂ ಬಂತು. ಅವರಿಗೂ ಬಂತು. ಆ ಕಣ್ಣೀರು ಸುಳ್ಳಲ್ಲ. ಆದರೆ ಅದು ಯಾವುದಕ್ಕೆ ಬಂತೋ ಅದನ್ನು ಅವರು ಹೇಳಲಿಲ್ಲ, ಬೇರೆ ಹೆಸರು ಹೇಳಿ ಅತ್ತರು. ಅಂದಿನ ಅಯ್ಯನವರು ಕೈ ಹಿಡಿದು ಮುಂದಿನ ಬೆಂಚಿಗೆ ಕರೆದುಕೊಂಡು ಹೋದರು. ನಮ್ಮ ಮನೆ ಉಳಿಯಿತು.

ಕುಡಿತ ಮಾತ್ರ ಅಂದಿಗೆ ನಿಂತಿತು. ಅದೊಂದು ಸತ್ಯ.

ಆ ಮೇಲೆ ಅವರ ಸಾಕ್ಷಿಗೆ ಬೆಲೆ ಬಂತು. ಕೂಟ ಆದಲ್ಲೆಲ್ಲ ಎಫ್ರಾಯಿಮರನ್ನು ಕರೆಯಿರಿ ಎನ್ನುತ್ತಿದ್ದರು. ಪ್ರತಿ ಸಲ ಹೇಳುವಾಗಲೂ ಕಥೆ ಸ್ವಲ್ಪ ಚೆಂದವಾಗುತ್ತಿತ್ತು. ಒಂದು ಸಲ ಕುಡಿದು ಚರಂಡಿಗೆ ಬಿದ್ದೆ ಎಂದರು. ಮನೆಗೆ ಬಂದ ಮೇಲೆ, "ನೀವು ಚರಂಡಿಗೆ ಬಿದ್ದದ್ದು ಯಾವಾಗ?" ಎಂದು ಕೇಳಿದೆ. "ಬೀಳಲಿಕ್ಕೆ ಹತ್ತಿರ ಹೋಗಿದ್ದೆ" ಎಂದರು. ಇಬ್ಬರೂ ನಕ್ಕೆವು. ಆ ನಗುವಿಗೂ ನಾಚಿಕೆಯಾಗುತ್ತದೆ ಈಗ.

ಜರ್ಮನಿಯ ಯುದ್ಧ ಬಂತು. ನಮ್ಮ ಸಾಹೇಬರು ಜರ್ಮನಿಯವರೆಂದು ಅವರನ್ನೆಲ್ಲ ಸರಕಾರದವರು ಕರೆದುಕೊಂಡು ಹೋದರು. ಕಾರ್ಖಾನೆ ಬೇರೆ ಕೈಗೆ ಹೋಯಿತು. ಇವರ ಕೆಲಸ ಹೋಗಲಿಲ್ಲ, ಏರಿತು. ನದಿಯ ಕಡೆಯ ಕಟ್ಟಿಗೆ ಅಂಗಳಕ್ಕೆ ಮೇಸ್ತ್ರಿಯಾದರು. ಸಭೆಯಲ್ಲಿ ಹಿರಿಯರೂ ಆದರು.

ಕಟ್ಟಿಗೆ ತರುತ್ತಿದ್ದದ್ದು ಶುಕೂರ್ ಬ್ಯಾರಿಯ ದೋಣಿ. ಅದರಲ್ಲಿ ಹೊರೆ ಇಳಿಸುವ ಆಳುಗಳಲ್ಲಿ ಒಬ್ಬ ಚನಿಯ. ಕಾರ್ಖಾನೆಯಿಂದ ಹೊರಗೆ ಹಾಕಿದ ಮೇಲೆ ಅವನಿಗೆ ಬೇರೆ ಕಾರ್ಖಾನೆಗಳಲ್ಲೂ ಕೆಲಸ ಸಿಗಲಿಲ್ಲ. ಕುಡಿದು ಗೂಡು ಹಾಳು ಮಾಡಿದವನು ಎಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಅವನು ತಲೆಯ ಮೇಲೆ ಹೊರೆ ಹೊತ್ತು ಬಂದು ಇವರ ಎದುರೇ ಹಾಕುತ್ತಿದ್ದ. ಮಾತಿಲ್ಲ. ಮುಖ ನೋಡುವುದೂ ಇಲ್ಲ. ಎಷ್ಟೋ ವರ್ಷ ಹೀಗೆಯೇ ನಡೆಯಿತು.

ಒಮ್ಮೆ ಶುಕೂರ್ ಬ್ಯಾರಿ ದೋಣಿಯ ಅಂಚಿನಲ್ಲಿ ಕೂತು, "ಎಂತ ಎಫ್ರಾಯಿಮರೇ, ಮೊನ್ನೆ ನಿಮ್ಮ ಭಾಷಣ ಭಾರಿ ಜೋರಂತೆ? ಕೇಳಿದವರೆಲ್ಲ ಅತ್ತರಂತೆ?" ಎಂದನಂತೆ.

"ದೇವರ ಕೃಪೆ ಬ್ಯಾರಿಗಳೇ" ಎಂದರಂತೆ ಇವರು.

"ನಮ್ಮ ಚನಿಯ ಒಬ್ಬ ಅಳಲಿಲ್ಲ ಮಾರಾಯರೇ. ತಲೆ ಮೇಲೆ ಹೊರೆ ಉಂಟಲ್ಲ, ಅವನಿಗೆ ಪುರುಸೊತ್ತಿಲ್ಲ."

ಆ ದಿನ ಇವರು ಊಟ ಮಾಡಲಿಲ್ಲ. ಏನಾಯಿತೆಂದು ಕೇಳಿದೆ, ಇದನ್ನು ಹೇಳಿದರು. "ಬ್ಯಾರಿಗೆ ತಮಾಷೆ" ಎಂದೆ. ಆಗಲೂ ನನ್ನ ಬಾಯಿಂದ ಬಂದದ್ದು ಅಂಥದ್ದೇ.

ಮಗಳ ಮದುವೆಯಾಗಿ ಅವಳು ಉಡುಪಿಗೆ ಹೋದ ಮೇಲಿನ ಮಾತು. ಒಂದು ಸಂಜೆ ಶಾಲೆಯ ಕೋಣೆಯಲ್ಲಿ ಹಿರಿಯರ ಕೂಟ. ದೀಕ್ಷಾಸ್ನಾನ ಕೇಳಿ ಬಂದವರನ್ನು ವಿಚಾರಿಸುವ ಕೂಟ ಅದು. ನಾನು ಹಿರಿಯರಿಗೆ ಕಾಫಿ ತೆಗೆದುಕೊಂಡು ಹೋಗಿದ್ದೆ. ಕೋಣೆಯ ಹೊರಗಿನ ಜಗಲಿಯಲ್ಲಿ ಒಬ್ಬಳು ಹೆಂಗಸು ಕೂತಿದ್ದಳು, ಪಕ್ಕದಲ್ಲಿ ಒಂದು ಹುಡುಗಿ. ನೋಡಿದರೆ ಚನಿಯನ ಹೆಂಡತಿ ದೇಯಿ, ಮಗಳು ಕಿನ್ನಿ. ನಾನು ಅವರನ್ನು ದೂರದಿಂದ ಕಂಡಿದ್ದೆ, ಅವಳಿಗೆ ನನ್ನ ಗುರುತಿರಲಿಲ್ಲ. ಚನಿಯ ಒಳಗೆ ನಿಂತಿದ್ದ. ಕಾಫಿ ಒಳಗೆ ಇಟ್ಟು ಬಂದು ದೇಯಿಯ ಪಕ್ಕದಲ್ಲೇ ಕೂತೆ. ಕಿಟಕಿ ತೆರೆದಿತ್ತು, ಮಾತೆಲ್ಲ ಕೇಳುತ್ತಿತ್ತು.

"ನೀನು ಎಂತಕ್ಕೆ ಕ್ರೈಸ್ತನಾಗಬೇಕು ಅಂತ ಬಂದದ್ದು?" ಎಂದು ದೊಡ್ಡ ಹಿರಿಯರು ಕೇಳಿದರು.

"ಸೊಂಟ ಹೋಗಿದೆ ಸ್ವಾಮಿ. ಹೊರೆ ಹೊರಲಿಕ್ಕೆ ಆಗುವುದಿಲ್ಲ. ನಿಮ್ಮಲ್ಲಿ ಸೇರಿದರೆ ಕೂತು ಮಾಡುವ ಕೆಲಸ ಕೊಡಿಸ್ತಾರೆ ಅಂತ ಹೇಳಿದ್ರು. ಹುಡುಗಿಗೆ ಶಾಲೆಯೂ ಆಗ್ತದೆ."

ಒಳಗೆ ಯಾರೋ ನಕ್ಕರು.

"ಅದು ಹೊಟ್ಟೆಯ ಮಾತಾಯಿತು ಚನಿಯ. ಆತ್ಮದ ಮಾತು ಉಂಟಾ ಎಂತಾದರೂ?"

"ಹೊಟ್ಟೆ ಒಂದು ಸರಿಯಾಗಲಿ ಸ್ವಾಮಿ. ಮತ್ತೆ ಅದನ್ನೂ ವಿಚಾರಿಸುವ."

ಹೊರಗೆ ದೇಯಿ ಹಣೆ ಬಡಿದುಕೊಂಡಳು. ನನ್ನ ಕಡೆ ಬಾಗಿ, "ಇವರಿಗೆ ನಿನ್ನೆಯಿಂದ ಹೇಳಿ ಕೊಡ್ತಾ ಇದ್ದೇನೆ ಅಕ್ಕ. ಯೇಸುಸ್ವಾಮಿ ಕನಸಿನಲ್ಲಿ ಬಂದು ಕರೆದ ಅಂತ ಹೇಳಿ, ಅಷ್ಟೇ ಸಾಕು ಅಂತ. ಈ ಮನುಷ್ಯನ ಬಾಯಿಗೆ ಅದು ಹತ್ತುವುದೇ ಇಲ್ಲ" ಎಂದಳು.

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ದೊಡ್ಡ ಹಿರಿಯರು ನನ್ನ ಗಂಡನ ಕಡೆ ತಿರುಗಿದ್ದು ಧ್ವನಿಯಲ್ಲೇ ಗೊತ್ತಾಯಿತು. "ಎಫ್ರಾಯಿಮರೇ, ಇವನು ಹಿಂದೆ ನಿಮ್ಮ ಜೊತೆ ಗೂಡಿನಲ್ಲಿದ್ದವನಲ್ಲವಾ? ಕುಡಿದು ಮಲಗಿ ಗೂಡು ಹಾಳು ಮಾಡಿದವನು ಇವನೇ ಅಲ್ಲವಾ? ನೀವು ಹೇಳಿ, ಇಂಥವನನ್ನು ತೆಗೆದುಕೊಳ್ಳಬಹುದಾ?"

ಒಳಗೆ ಯಾರೋ ಕಾಫಿ ಲೋಟ ಕೆಳಗಿಟ್ಟರು. ನಾನು ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿದೆ. ಎಂಥ ಪ್ರಾರ್ಥನೆಯೆಂದು ಇಲ್ಲಿ ಬರೆಯಲೇಬೇಕು. ಕರ್ತನೇ, ಇವರು ಬಾಯಿ ಬಿಡದ ಹಾಗೆ ಮಾಡು ಎಂದು ಬೇಡಿದೆ.

"ಇವನಲ್ಲ. ಕುಡಿದು ಮಲಗಿದ್ದು ನಾನು" ಎಂದರು ನನ್ನ ಗಂಡ.

"ಹಿರಿಯರೇ, ಯೋಚನೆ ಮಾಡಿ ಮಾತಾಡಿ."

"ಯೋಚನೆ ಮಾಡಿದ್ದಕ್ಕೇ ಇಷ್ಟು ಕಾಲ ಹೋದದ್ದು. ಸಾಹೇಬರ ಹತ್ತಿರ ಇವನ ಮೇಲೆ ಸುಳ್ಳು ಹೇಳಿದವನು ನಾನು. ಸಭೆಯ ಮುಂದೆ ಕುಡಿತ ಒಪ್ಪಿಕೊಂಡೆ, ಇದನ್ನು ಮುಚ್ಚಿಟ್ಟೆ. ಆ ದಿನ ನಾನು ಅತ್ತದ್ದು ಮನೆ ಉಳಿಸಲಿಕ್ಕೆ. ಇವನು ಹೊಟ್ಟೆಗೆ ಬಂದೆ ಅಂತಾನೆ. ನಾನೂ ಹೊಟ್ಟೆಗೇ ಬಂದವನು. ಅದನ್ನು ಬಾಯಿ ಬಿಟ್ಟು ಹೇಳಿದವನು ಇವನು ಮಾತ್ರ."

ಆಗ ಚನಿಯ ಮಾತಾಡಿದ. ಗಟ್ಟಿಯಾಗಿಯೂ ಅಲ್ಲ, ಸಿಟ್ಟಿನಲ್ಲಿಯೂ ಅಲ್ಲ. "ಇಷ್ಟು ಸಣ್ಣ ಮಾತು ನೋಣಯ್ಯ. ಇಷ್ಟು ವರ್ಷ ಬೇಕಾಯ್ತಾ ನಿನಗೆ?"

"ನನ್ನನ್ನು ಕ್ಷಮಿಸು ಚನಿಯ."

"ನಿನ್ನ ಅಳು ಎಲ್ಲ ನೀನೇ ಇಟ್ಟುಕೋ ಮಾರಾಯ. ನೀನು ಮಲಗಿದ್ದು ನನಗೆ ಗೊತ್ತುಂಟು, ನನಗೆ ಎಂತಕ್ಕೆ ಹೇಳುವುದು? ಗೊತ್ತಿಲ್ಲದವರಿಗೆ ಹೇಳು."

ಚನಿಯ ಹೊರಗೆ ಬಂದು ಹೆಂಡತಿ ಮಗಳನ್ನು ಎಬ್ಬಿಸಿದ. ದೇಯಿ ನನ್ನನ್ನು ನೋಡಿದಳು. ನಾನು ಯಾರೆಂದು ಅವಳಿಗೆ ಆಗ ಗೊತ್ತಾಗಿರಬೇಕು. ಅಕ್ಕ ಎಂದು ಕರೆದದ್ದನ್ನು ಹಿಂದಕ್ಕೆ ತೆಗೆದುಕೊಂಡವಳ ಹಾಗೆ ಎದ್ದು ಹೋದಳು. ಅವರು ಮತ್ತೆ ದೀಕ್ಷಾಸ್ನಾನ ಕೇಳಲು ಬರಲಿಲ್ಲ.

ಚನಿಯ ಹೇಳಿದ ಹಾಗೆಯೇ ಇವರು ಮಾಡಿದರು. ಮರುದಿನ ಕಾರ್ಖಾನೆಯ ಮ್ಯಾನೇಜರ ಬಳಿ ಹೋಗಿ ಎಲ್ಲವನ್ನೂ ಹೇಳಿದರು. ಮ್ಯಾನೇಜರು ಹೊಸಬರು. "ಆ ಹಂಚೆಲ್ಲ ಚೂರಾಗಿ ರಸ್ತೆಗೆ ಹೋಗಿ ಎಷ್ಟು ಕಾಲವಾಯ್ತೋ, ಈಗ ನನಗೆ ಎಂತ ಮಾಡಬೇಕು ನೀವು ಹೇಳುವುದು?" ಎಂದರಂತೆ. ಇವರು, ನನ್ನ ಮೇಸ್ತ್ರಿ ಕೆಲಸವನ್ನು ಚನಿಯನಿಗೆ ಕೊಡಿ, ಅವನಿಗೆ ಕಟ್ಟಿಗೆ ನನಗಿಂತ ಚೆನ್ನಾಗಿ ಗೊತ್ತು, ನಾನು ಬಿಡುತ್ತೇನೆ ಎಂದರು. ಮ್ಯಾನೇಜರಿಗೆ ಯಾರಾದರೂ ಒಬ್ಬರು ಇದ್ದರೆ ಸಾಕಿತ್ತು. ಶುಕೂರ್ ಬ್ಯಾರಿಯೂ ಒಂದು ಮಾತು ಹೇಳಿದನಂತೆ. ಚನಿಯ ಆ ಕೆಲಸಕ್ಕೆ ಕೂತ. ಕೂರುವ ಮೊದಲು ಇವರಿಗೆ, "ನೀನು ಕೊಟ್ಟದ್ದು ಅಂತ ತೆಗೆದುಕೊಂಡದ್ದಲ್ಲ. ನನ್ನದು ನನಗೆ ಬಂತು" ಎಂದ. ಇವರು ಹೌದು ಎಂದರು.

ಇನ್ನು ಉಳಿದದ್ದು ಸಭೆ. ಹಿರಿಯರು ಈ ಸುದ್ದಿ ಹೊರಗೆ ಹೋಗುವುದು ಬೇಡ ಎಂದು ತಮ್ಮೊಳಗೇ ಇಟ್ಟುಕೊಂಡರು. ಅಂದಿನ ಅಯ್ಯನವರು ನಮ್ಮ ಮನೆಗೆ ಬಂದು ಮೆಲ್ಲಗೆ ಹೇಳಿದರು: ಹಿರಿಯರ ಸ್ಥಾನ ಬಿಡಬೇಕಾಗುತ್ತದೆ, ಸಭಾಶಿಕ್ಷೆಯೂ ಆಗುತ್ತದೆ. ಆದರೆ ಮುಂದಿನ ಭೋಜನದ ಮೊದಲು ಸಭೆಯ ಮುಂದೆ ಒಂದು ಸಲ ಎದ್ದು ನಿಂತು, ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರೆ ಸಾಕು, ಚನಿಯನ ಹೆಸರು ಹೇಳುವುದೂ ಬೇಡ, ಎಲ್ಲ ಮೊದಲಿನಂತೆ ಆಗುತ್ತದೆ, ಮನೆಯೂ ಇರುತ್ತದೆ. "ಇದು ಮೊದಲಿನದ್ದಕ್ಕಿಂತ ದೊಡ್ಡ ಸಾಕ್ಷಿಯಾದೀತು ಎಫ್ರಾಯಿಮರೇ" ಎಂದರು.

ಅಯ್ಯನವರು ಹೋದ ಮೇಲೆ ನನ್ನ ಗಂಡ ನಿಲ್ಲುವುದಿಲ್ಲ ಎಂದರು.

ನಾನು ಅವರ ಮೇಲೆ ಕೂಗಿದೆ. ಮದುವೆಯಾದಂದಿನಿಂದ ಅಷ್ಟು ಕೂಗಿದವಳಲ್ಲ. "ಒಂದು ಸಲ ನಿಂತವರಿಗೆ ಇನ್ನೊಂದು ಸಲ ನಿಲ್ಲಲಿಕ್ಕೆ ಎಂತ ಕಷ್ಟ? ಕೆಲಸ ಬಿಟ್ಟು ಬಂದ್ರಿ, ನಾನು ಎಂತಾದರೂ ಹೇಳಿದೆನಾ? ಮನೆಯನ್ನೂ ಬಿಡುವುದಾ? ಎರಡು ಮಾತು, ಅಷ್ಟೇ!"

"ಪಿರ್ಸಿಲ್ಲ, ಆ ಜಾಗದಲ್ಲಿ ನಿಂತರೆ ನನ್ನ ಬಾಯಿ ತಾನಾಗಿ ಚೆಂದ ಮಾತಾಡ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಅಳಬೇಕು ಅಂತ ಅದಕ್ಕೆ ಗೊತ್ತುಂಟು. ಎಲ್ಲರೂ ಅಳ್ತಾರೆ. ನನ್ನನ್ನು ಮತ್ತೆ ಮುಂದಿನ ಬೆಂಚಿಗೆ ಕರೆದುಕೊಂಡು ಹೋಗ್ತಾರೆ. ಮನೆ ಸಿಗ್ತದೆ. ಮತ್ತೆ ನಾನು ಪಶ್ಚಾತ್ತಾಪ ಪಟ್ಟದ್ದಾ, ಬಾಡಿಗೆ ಕಟ್ಟಿದ್ದಾ ಅಂತ ನನಗೇ ಗೊತ್ತಾಗುವುದಿಲ್ಲ."

"ದೇವರಿಗೆ ಗೊತ್ತಾಗ್ತದೆ."

"ಆಗಲೂ ಅವನಿಗೆ ಗೊತ್ತಿತ್ತು."

ನನಗೆ ಇನ್ನೂ ಸಿಟ್ಟು ಬಂತು. ಹಲವು ದಿನ ಅವರಿಗೆ ಅನ್ನ ಬಡಿಸಿ ಮಾತಾಡದೆ ಎದ್ದು ಹೋಗುತ್ತಿದ್ದೆ.

ನಾವು ಮನೆ ಬಿಟ್ಟೆವು. ಬೋಳಾರದಲ್ಲಿ ನದಿಯ ಕಡೆಗೆ ಒಂದು ಸೋಗೆಯ ಮನೆ ಬಾಡಿಗೆಗೆ ಸಿಕ್ಕಿತು. ನಾನು ಕೆಲವು ಮನೆಗಳ ಬಟ್ಟೆ ಒಗೆದೆ. ಅವರು ಐವತ್ತು ದಾಟಿದ ಮೇಲೆ ಮತ್ತೆ ಮರ ಹತ್ತಿದರು, ತೆಂಗಿನಕಾಯಿ ಕೀಳಲು. ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಅವರು ಮರ ಅಪ್ಪಿ ಹತ್ತುವುದನ್ನು ನಾನು ಮೊದಲ ಸಲ ನೋಡಿದಾಗ, ಈ ಮನುಷ್ಯನಿಗೆ ಇದು ಮರೆತೇ ಇರಲಿಲ್ಲ ಎನ್ನಿಸಿತು. ಬೋಳಾರದವರು ಅವರನ್ನು ಮತ್ತೆ ನೋಣಯ್ಯ ಎನ್ನುತ್ತಿದ್ದರು. ನೆಂಟರು ಹಿಂದೆ ಬಾ, ಈಗ ಎಂತಕ್ಕೆ ನಿನಗೆ ಅವರು ಎಂದು ಕರೆದರು. ಇವರು ಹೋಗಲಿಲ್ಲ. ಪ್ರತಿ ಆದಿತ್ಯವಾರ ಅದೇ ದೇವಾಲಯಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಭೋಜನದ ದಿನ ಎಲ್ಲರೂ ಎದ್ದು ಮುಂದೆ ಹೋಗುವಾಗ ಕೂತೇ ಇದ್ದರು. ನಾನು ಅವರನ್ನು ದಾಟಿಕೊಂಡು ಹೋಗುತ್ತಿದ್ದೆ. ಅವರನ್ನು ಹಿಂದೆ ಬಿಟ್ಟು ಹೋಗಿ ರೊಟ್ಟಿ ತಿಂದು ಬರುವಾಗ ಅವರ ಬೆಂಚಿನ ಕಡೆ ನೋಡಲಾಗುತ್ತಿರಲಿಲ್ಲ. ಆದರೂ ಹೋಗುತ್ತಿದ್ದೆ, ಜನ ನನ್ನನ್ನೂ ಹಾಗೆ ನೋಡುವುದು ಬೇಡ ಎಂದು.

ಸಭೆಯ ಹೆಚ್ಚಿನವರಿಗೆ ಏನಾಯಿತೆಂದೇ ಗೊತ್ತಿರಲಿಲ್ಲ. ಸ್ಥಾನ ಹೋದ ಸಿಟ್ಟು ಎಂದು ಕೆಲವರು, ಮತ್ತೆ ಕುಡಿಯುತ್ತಾನೆ ಎಂದು ಕೆಲವರು. ಒಬ್ಬಳು ನನ್ನ ಮುಖಕ್ಕೇ, "ಹಳೆಯ ಜಾತಿಯ ಕಳ್ಳು ಕರೆಯಿತಾ?" ಎಂದು ಕೇಳಿದಳು. ಇವರು ಯಾರಿಗೂ ಏನನ್ನೂ ಬಿಡಿಸಿ ಹೇಳಲಿಲ್ಲ. ಕೂಟದಲ್ಲಿ ಮಾತಾಡಲು ಯಾರೂ ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಜ್ವರ ಹಿಡಿಯಿತು. ಎದೆಗೆ ಇಳಿಯಿತು. ಡಾಕ್ಟರು ನೋಡಿ ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಈಗಿನ ಅಯ್ಯನವರ ಕಾಲು ಹಿಡಿದೆ. ಭೋಜನ ಇಲ್ಲದೆ ಇವರು ಹೋಗಬಾರದು ಎಂದೆ. ಅಯ್ಯನವರು ಒಳ್ಳೆಯವರು. ರೊಟ್ಟಿಯನ್ನೂ ಪಾತ್ರೆಯನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮಳೆಯಲ್ಲೇ ಬಂದರು.

"ಎಫ್ರಾಯಿಮರೇ, ನಿಮ್ಮ ಪಾಪಗಳಿಗೆ ಪಶ್ಚಾತ್ತಾಪ ಪಡ್ತೀರಾ? ಹೌದು ಅಂತ ಒಂದು ಮಾತು ಹೇಳಿದರೆ ಸಾಕು."

ಇವರು ಉಸಿರು ಎಳೆದುಕೊಂಡು, "ನನ್ನನ್ನು ಕೇಳಬೇಡಿ ಅಯ್ಯನವರೇ. ಚನಿಯನನ್ನು ಕೇಳಿ" ಎಂದರು.

ಚನಿಯ ಯಾರೆಂದು ಅಯ್ಯನವರಿಗೆ ಗೊತ್ತಿಲ್ಲ. ನಾನು ಎರಡು ಮಾತಿನಲ್ಲಿ ಹೇಳಿದೆ, ಇವರು ಅವನಿಗೆ ಒಂದು ತಪ್ಪು ಮಾಡಿದ್ದರು ಎಂದು. ಪಕ್ಕದ ಮನೆಯವರು ಹೋಗಿ ಚನಿಯನನ್ನು ಕರೆದುಕೊಂಡು ಬಂದರು. ಅವನು ಕೊಡೆ ಮಡಚಿ ಬಾಗಿಲಲ್ಲೇ ನಿಂತ. ಸೊಂಟ ಬಾಗಿತ್ತು.

"ಎಂತ ನೋಣಯ್ಯ, ಹೊರಟೆಯಾ?"

"ಹೊರಟೆ."

ಅಯ್ಯನವರು ಅವನಿಗೆ, "ನೀವು ಇವರನ್ನು ಕ್ಷಮಿಸಿದ್ದೇನೆ ಅಂತ ಹೇಳಿದರೆ ಇವರು ಸಮಾಧಾನದಿಂದ ಭೋಜನ ತೆಗೆದುಕೊಳ್ತಾರೆ" ಎಂದರು.

ಚನಿಯ ಬಿಳಿ ಬಟ್ಟೆಯ ಗಂಟನ್ನು ನೋಡಿದ. "ಸಾಯುವವನ ಎದುರು ಇಲ್ಲ ಅಂತ ಹೇಳುವುದು ಹೇಗೆ ಸ್ವಾಮಿ? ಆಯಿತು ಅಂತ ಬರೆದುಕೊಳ್ಳಿ" ಎಂದ.

ನನಗೆ ಜೀವ ಬಂತು. ಅಯ್ಯನವರು ಗಂಟು ಬಿಚ್ಚಲು ಕೈ ಹಾಕಿದರು. ಆಗ ನನ್ನ ಗಂಡ ಕೈ ಎತ್ತಿದರು.

"ಬೇಡ ಚನಿಯ. ನನಗೋಸ್ಕರ ಸುಳ್ಳು ಹೇಳಬೇಡ. ಆ ಕೆಲಸ ನಾನು ಮಾಡಿ ಆಗಿದೆ."

ಚನಿಯ ತಲೆ ತಗ್ಗಿಸಿದ. "ಹೌದು ನೋಣಯ್ಯ. ಕ್ಷಮಿಸುವ ಮನಸ್ಸು ಬಂದಿಲ್ಲ ಇನ್ನೂ. ನೋಡುವ ಅಂತ ನೋಡಿದೆ, ಬರುವುದಿಲ್ಲ" ಎಂದ.

"ಇರಲಿ. ನೀನು ಬಂದದ್ದೇ ಆಯಿತು."

ನಾನು ಮಂಚದ ಹತ್ತಿರ ಹೋಗಿ ಅವರ ಕಿವಿಯಲ್ಲಿ ಹೇಳಿದೆ, "ಅವನು ಮೊದಲು ಆಯಿತು ಅಂದನಲ್ಲ, ಇನ್ನೆಂತ? ತೆಗೆದುಕೊಳ್ಳಿ. ನನ್ನ ಮೇಲೆ ಕರುಣೆ ಇಟ್ಟಾದರೂ ತೆಗೆದುಕೊಳ್ಳಿ" ಎಂದು. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು, ತೆಗೆದುಕೊಳ್ಳಲಿಲ್ಲ. ಅಯ್ಯನವರು ಪ್ರಾರ್ಥನೆ ಮಾಡಿ ಗಂಟನ್ನು ಹಾಗೆಯೇ ಎತ್ತಿಕೊಂಡು ಹೋದರು.

ಚನಿಯ ಮಾತ್ರ ಹೋಗಲಿಲ್ಲ. ಒಳಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ. "ಗಂಜಿ ಕುಡಿದೆಯಾ?" ಎಂದು ಕೇಳಿದ. ಇಲ್ಲ ಎಂದರು. ನಾನು ಗಂಜಿ ತಂದೆ. ಚನಿಯ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡ, ನನ್ನ ಮುಖ ನೋಡಲಿಲ್ಲ. ಅವನೇ ಚಮಚದಲ್ಲಿ ಕುಡಿಸಿದ. ಬಟ್ಟಲು ಖಾಲಿಯಾದ ಮೇಲೆ ಎದ್ದು, ಕೊಡೆ ಬಿಚ್ಚಿ ಮನೆಗೆ ಹೋದ. ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು.

ಚನಿಯ ಕ್ಷಮಿಸದೆ, ಸಭೆ ಕ್ಷಮಿಸದೆ, ಭೋಜನವಿಲ್ಲದೆ ನನ್ನ ಗಂಡ ಹೋದರು. ದೇವರು ಏನು ಮಾಡಿದನೋ ನನಗೆ ಗೊತ್ತಿಲ್ಲ. ಅವರಿಗೆ ಬೇಕಾದ್ದು ಒಂದೇ ಇತ್ತು, ಇನ್ನೊಂದು ಸುಳ್ಳಿನಿಂದ ಏನನ್ನೂ ಪಡೆಯಬಾರದು ಎಂಬುದು. ಅದನ್ನು ಅವರು ಕೊನೆಯವರೆಗೆ ಕಾಪಾಡಿಕೊಂಡರು. ತೆಗೆದುಕೊಳ್ಳಿ, ತೆಗೆದುಕೊಳ್ಳಿ ಎಂದು ಆ ದಿನವೂ ಅವರ ಕಿವಿಯಲ್ಲಿ ಹೇಳಿದವಳು ನಾನು.